ಹಡಗು ಹತ್ತುವ ಮುನ್ನ: ಆರೋಗ್ಯಪತ್ರದ ಕಾಲಾವಧಿಯನ್ನು ಕುರಿತು

ಹಡಗು ಹತ್ತುವವನು ತನ್ನ ಆರೋಗ್ಯಕ್ಕೆ ಸಾಕ್ಷಿಯಾದ ಕಾಗದವೊಂದನ್ನು ಕೈಯಲ್ಲಿ ಹಿಡಿದಿರಬೇಕೆಂಬ ನಿಯಮ 2020ರ ಕೋವಿಡ್ ಪಿಡುಗಿನೊಡನೆ ಹುಟ್ಟಿದುದಲ್ಲ. ಅದಕ್ಕೆ ಹಲವು ಶತಮಾನಗಳ ಇತಿಹಾಸವಿದೆ. ಈ ಅವಧಿಯಲ್ಲಿ ರೋಗಗಳು ಬದಲಾದುವು, ಹಡಗುಗಳು ಬದಲಾದುವು, ಕಾಗದವನ್ನು ಬರೆಯುವ ಅಧಿಕಾರಿಯೂ ಬದಲಾದನು. ಆದರೆ ಒಂದು ತೊಡಕು ಮಾತ್ರ ಹಾಗೆಯೇ ಉಳಿದು ಬಂದಿದೆ. ಕಾಗದ ಬರೆದ ಗಳಿಗೆ ಒಂದು, ಹಡಗಿನ ಲಂಗರು ಎತ್ತುವ ಗಳಿಗೆ ಮತ್ತೊಂದು. ಈ ಎರಡರ ನಡುವಣ ಅಂತರದಲ್ಲಿ ಏನು ನಡೆಯಿತೆಂಬುದನ್ನು ಕಾಗದ ಹೇಳಲಾರದು. ಸಮುದ್ರಯಾನದ ಆರೋಗ್ಯ ಶಾಸನಗಳನ್ನು ಕ್ರಮವಾಗಿ ನೋಡುತ್ತ ಬಂದರೆ, ಅವುಗಳಲ್ಲಿ ಬಹುಪಾಲು ಈ ಅಂತರವನ್ನು ಯಾರು ಹೊರಬೇಕು, ಎಷ್ಟು ದಿನ ಹೊರಬೇಕು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳೆಂದು ಕಂಡುಬರುತ್ತದೆ.

ಮೊದಲ ಉತ್ತರ ಅತ್ಯಂತ ಸರಳವಾಗಿತ್ತು: ಬಂದವರನ್ನು ಕಾಯಿಸುವುದು. ಏಡ್ರಿಯಾಟಿಕ್ ಸಮುದ್ರದ ದಡದ ರಗೂಸಾ, ಎಂದರೆ ಇಂದಿನ ದುಬ್ರೋವ್ನಿಕ್ ನಗರವು 1377ರಲ್ಲಿ ಪ್ಲೇಗು ಇರುವ ಸ್ಥಳಗಳಿಂದ ಬಂದವರು ಒಂದು ತಿಂಗಳು ಹೊರಗೇ ಉಳಿಯತಕ್ಕದ್ದೆಂದು ವಿಧಿಸಿತು. ಆ ಮೂವತ್ತು ದಿನಗಳು ಮುಂದೆ ನಲವತ್ತಾಗಿ, ಇಟಾಲಿಯನ್ ಭಾಷೆಯ ನಲವತ್ತೆಂಬ ಮಾತಿನಿಂದಲೇ ಕ್ವಾರಂಟೀನು ಎಂಬ ಹೆಸರು ಹುಟ್ಟಿತು. ವರ್ತಕರಿಗೆ ಇದು ಸಹಜವಾಗಿಯೇ ಸಹಿಸದ ಹೊರೆ. ಸರಕು ಕೊಳೆಯುತ್ತಿತ್ತು, ಬಡ್ಡಿ ಬೆಳೆಯುತ್ತಿತ್ತು. ಈ ಕಾಯುವಿಕೆಯನ್ನು ತಗ್ಗಿಸುವುದಕ್ಕಾಗಿ ಬಳಕೆಗೆ ಬಂದುದೇ ಬಂದರಿನ ಆರೋಗ್ಯಪತ್ರ. ಹಡಗು ಹೊರಟ ಊರಿನಲ್ಲಿ ರೋಗವಿಲ್ಲವೆಂದು ಅಲ್ಲಿನ ಅಧಿಕಾರಿ ಅಥವಾ ರಾಯಭಾರಿ ಬರೆದುಕೊಟ್ಟರೆ ಅದು ಶುದ್ಧಪತ್ರ; ರೋಗದ ಸುದ್ದಿಯಿದ್ದರೆ ಶಂಕಿತಪತ್ರ; ರೋಗವಿದ್ದರೆ ಅಶುದ್ಧಪತ್ರ. ಪತ್ರದ ಬಣ್ಣವನ್ನು ನೋಡಿ ಕಾಯುವ ದಿನಗಳನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕಾಗದ ಸಾಕ್ಷಿ ನುಡಿಯುತ್ತಿದ್ದುದು ಊರಿನ ಆರೋಗ್ಯಕ್ಕೆ. ಹಡಗಿನಲ್ಲಿ ಕುಳಿತ ಮನುಷ್ಯರ ಮೈಯನ್ನು ಅದು ಮುಟ್ಟುತ್ತಲೇ ಇರಲಿಲ್ಲ.

ಈ ಪದ್ಧತಿ ಎಲ್ಲಿ ಮುರಿಯುತ್ತದೆಂಬುದನ್ನು 1720ರ ಮಾರ್ಸೇಲ್ಸ್ ದುರಂತ ತೋರಿಸಿಕೊಟ್ಟಿತು. ಗ್ರಾಂ ಸೇಂತ್ ಆಂತ್ವಾನ್ ಎಂಬ ಹಡಗು ಆ ವರ್ಷದ ಜನವರಿ ಕೊನೆಯಲ್ಲಿ ಲೆಬನಾನಿನ ಸೀಡಾನ್ ಬಂದರಿನಿಂದ ಶುದ್ಧಪತ್ರದೊಡನೆ ಹೊರಟಿತು. ಪತ್ರ ಸುಳ್ಳಾಗಿರಲಿಲ್ಲ, ಅದನ್ನು ಬರೆದ ದಿನ ಆ ಊರಿನಲ್ಲಿ ಪ್ಲೇಗಿನ ಸುದ್ದಿ ಎದ್ದಿರಲಿಲ್ಲ. ಮುಂದೆ ಟ್ರಿಪೊಲಿ ಬಂದರಿನಲ್ಲಿ ಹತ್ತಿದ ಪ್ರಯಾಣಿಕನೊಬ್ಬ ಏಪ್ರಿಲ್ ತಿಂಗಳಲ್ಲಿ ಹಡಗಿನಲ್ಲೇ ಸತ್ತನು. ಅವನ ಹಿಂದೆ ನಾವಿಕರು ಕೆಲವರು, ಹಡಗಿನ ವೈದ್ಯನೂ ಸತ್ತರು. ಮೇ 25ರಂದು ಹಡಗು ಮಾರ್ಸೇಲ್ಸ್ ಮುಟ್ಟಿದಾಗ ನಿಯಮದಂತೆ ಅದನ್ನು ದೂರದ ದ್ವೀಪಕ್ಕೆ ಅಟ್ಟಬೇಕಾಗಿತ್ತು. ಆದರೆ ಸರಕಿನಲ್ಲಿ ನಗರದ ಪ್ರಮುಖರಿಗೇ ಪಾಲಿತ್ತು. ಬೋಕೇರಿನ ಜಾತ್ರೆ ಜುಲೈ ತಿಂಗಳಲ್ಲಿ ಕೂಡುವುದಿತ್ತು. ಬಟ್ಟೆಯ ಮೂಟೆಗಳನ್ನು ಊರಿನ ಪಕ್ಕದ ಕ್ವಾರಂಟೀನು ಕೋಠಿಗೆ ಇಳಿಸಿಕೊಂಡರು. ಸುಮಾರು 90,000 ಜನರಿದ್ದ ನಗರದಲ್ಲಿ 40,000ಕ್ಕೂ ಹೆಚ್ಚು ಮಂದಿ ಸತ್ತರು. ಹಡಗನ್ನು ಸೆಪ್ಟೆಂಬರಿನಲ್ಲಿ ಸುಟ್ಟು ಮುಳುಗಿಸಿದರು. ಅಷ್ಟು ಹೊತ್ತಿಗೆ ಅದರಿಂದ ಪ್ರಯೋಜನವೇನೂ ಉಳಿದಿರಲಿಲ್ಲ.

ಇದೇ ಕಥೆ 1892ರಲ್ಲಿ ಉಗಿಹಡಗಿನ ವೇಗದಲ್ಲಿ ಮತ್ತೊಮ್ಮೆ ನಡೆಯಿತು. ಆ ಆಗಸ್ಟಿನಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬುತ್ತಿತ್ತು. ಬಂದರನ್ನು ಮುಚ್ಚಬೇಕಾದೀತೆಂಬ ಭಯದಿಂದ ನಗರದ ಆಡಳಿತ ಅದನ್ನು ಒಪ್ಪಿಕೊಳ್ಳಲು ತಡಮಾಡಿತು. ಆ ತಡದ ದಿನಗಳಲ್ಲಿ ಮೊರಾವಿಯಾ ಎಂಬ ಹಡಗು ವಲಸೆಗಾರರನ್ನು ತುಂಬಿಕೊಂಡು ಶುದ್ಧಪತ್ರದೊಡನೆ ನ್ಯೂಯಾರ್ಕಿಗೆ ಹೊರಟಿತು. ದಾರಿಯಲ್ಲಿ 22 ಮಂದಿ ಸತ್ತರು. ಹ್ಯಾಂಬರ್ಗಿನಲ್ಲಿ ಸತ್ತವರ ಸಂಖ್ಯೆ 8,000ವನ್ನು ಮೀರಿತು. ಮರುವರ್ಷದ ಫೆಬ್ರವರಿಯಲ್ಲಿ ಅಮೆರಿಕವು ಹೊಸ ಕ್ವಾರಂಟೀನು ಕಾಯಿದೆಯನ್ನು ಮಾಡಿ, ತನ್ನ ಬಂದರುಗಳಿಗೆ ಹೊರಡುವ ಹಡಗು ತನ್ನ ರಾಯಭಾರಿಯಿಂದಲೇ ಆರೋಗ್ಯಪತ್ರ ಪಡೆಯಬೇಕೆಂದು ಬಿಗಿಮಾಡಿತು. ಊರಿಗೆ ಕೊಟ್ಟ ಕಾಗದವನ್ನು ನಂಬಿ ಮನುಷ್ಯನನ್ನು ಬಿಡುವುದು ಅಪಾಯವೆಂಬ ಅರಿವು ಈ ಕಾಲಕ್ಕೆ ಎಲ್ಲೆಡೆಯೂ ಮೂಡಿತ್ತು.

ಅಷ್ಟು ಹೊತ್ತಿಗೆ ವಿಜ್ಞಾನವೂ ಮುಂದುವರಿದಿತ್ತು. ಕಾಲರಾದ ಜೀವಾಣುವನ್ನು ಕಾಖ್ 1883–84ರಲ್ಲಿಯೂ ಪ್ಲೇಗಿನ ಜೀವಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿಯೂ ಗುರುತಿಸಿದರು. ನಲವತ್ತು ದಿನವೆಂಬ ಧರ್ಮಗ್ರಂಥದ ಸಂಖ್ಯೆಯ ಸ್ಥಾನದಲ್ಲಿ, ರೋಗ ಒಳಹೊಕ್ಕ ದಿನದಿಂದ ಲಕ್ಷಣ ತೋರುವ ದಿನದವರೆಗಿನ ಗುಪ್ತಕಾಲವೆಂಬ ಅಳತೆ ಬಂದಿತು. ಕಾಲರಾಕ್ಕೆ ಐದು ದಿನ, ಪ್ಲೇಗಿಗೆ ಹತ್ತು ದಿನ ಎಂದು ಅಂತರರಾಷ್ಟ್ರೀಯ ಸಮ್ಮೇಳನಗಳು ಲೆಕ್ಕ ಹಾಕಿದುವು.

ಈ ಲೆಕ್ಕ ಮುಂಬಯಿಯ ಬಂದರಿಗೆ ಬಂದುದು 1897ರಲ್ಲಿ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಮಾಂಡವಿಯ ಬೀದಿಗಳಲ್ಲಿ ಡಾ. ಅಕಾಸಿಯೋ ವೀಗಾಸ್ ಅವರು ಪ್ಲೇಗನ್ನು ಗುರುತಿಸಿದ್ದರು. ಯೂರೋಪಿನ ಬಂದರುಗಳು ಮುಂಬಯಿಯ ಸರಕನ್ನೂ ಜನರನ್ನೂ ತಡೆಯುವ ಬೆದರಿಕೆ ಹಾಕುತ್ತಿದ್ದ ಕಾಲದಲ್ಲಿಯೇ, 1897ರ ಫೆಬ್ರವರಿ 4ರಂದು ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಅದೇ ತಿಂಗಳಲ್ಲಿ ವೆನಿಸ್ ನಗರದಲ್ಲಿ ಪ್ಲೇಗಿಗಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ಕೂಡಿತು. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ಸರಿಯಲ್ಲ. ಮುಂಬಯಿಯ ಕಟ್ಟುನಿಟ್ಟು ಮುಂಬಯಿಯ ರೋಗಿಗಳ ಹಿತಕ್ಕೆಷ್ಟೋ, ಮಾರ್ಸೇಲ್ಸ್ ಮತ್ತು ಟ್ರಿಯೆಸ್ಟ್ ಬಂದರುಗಳ ಸಮಾಧಾನಕ್ಕೂ ಅಷ್ಟೇ ಆಗಿತ್ತು. ಆ ವರ್ಷದ ಆರಂಭದಲ್ಲಿಯೇ ಮುಂಬಯಿಯಿಂದ ಮೆಕ್ಕಾ ಯಾತ್ರಿಕರು ಹಡಗು ಹತ್ತುವುದನ್ನು ಸರ್ಕಾರ ನಿಲ್ಲಿಸಿತು.

ವೆನಿಸ್ ಒಪ್ಪಂದದಲ್ಲಿ ಹೊರಡುವವರ ಪರೀಕ್ಷೆಗೆ ವಿಧಿಸಿದ ಷರತ್ತುಗಳು ಗಮನಾರ್ಹವಾಗಿವೆ. ಪರೀಕ್ಷೆ ಪ್ರತಿಯೊಬ್ಬನಿಗೂ ಬಿಡಿಬಿಡಿಯಾಗಿ ಆಗಬೇಕು, ಹಗಲಿನಲ್ಲಿ ಆಗಬೇಕು, ನೆಲದ ಮೇಲೆ ಆಗಬೇಕು, ಹಡಗು ಹತ್ತುವ ಸಮಯದಲ್ಲಿಯೇ ಆಗಬೇಕು. ಈ ಒಂದೊಂದು ಮಾತಿನ ಹಿಂದೆಯೂ ಒಂದೊಂದು ವಂಚನೆಯ ಅಥವಾ ಅಲಕ್ಷ್ಯದ ಅನುಭವವಿರಬೇಕು. ದೀಪದ ಬೆಳಕಿನಲ್ಲಿ ಕಂಕುಳ ಗಂಟು ಕಾಣದು. ಡೆಕ್ಕಿನ ನೂಕುನುಗ್ಗಲಿನಲ್ಲಿ ತಲೆ ಎಣಿಸುವುದೇ ಪರೀಕ್ಷೆಯಾಗಿಬಿಡುತ್ತದೆ. ನಿನ್ನೆ ನೋಡಿದವನು ರಾತ್ರಿ ಊರೊಳಗೆ ಹೋಗಿ ಮಲಗಿ ಬಂದರೆ ನಿನ್ನೆಯ ಪರೀಕ್ಷೆಗೆ ಅರ್ಥವಿಲ್ಲ. ಪರೀಕ್ಷೆಗೂ ಪ್ರಯಾಣಕ್ಕೂ ನಡುವೆ ಅಂತರವೇ ಇರಕೂಡದೆಂಬ ತತ್ತ್ವವನ್ನು ಶಾಸನದ ಭಾಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಬರೆದುದು ಬಹುಶಃ ಆ ಕಾಲದಲ್ಲಿಯೇ.

ಆದರೂ ಆ ಪರೀಕ್ಷೆ ಹಿಡಿಯಬಲ್ಲದ್ದು ಜ್ವರ ಬಂದವನನ್ನು, ಗಂಟು ಎದ್ದವನನ್ನು ಮಾತ್ರ. ಗುಪ್ತಕಾಲದಲ್ಲಿರುವವನು ನಿರಾಯಾಸವಾಗಿ ದಾಟಿಹೋಗುತ್ತಿದ್ದನು. ಅವನನ್ನು ಹಿಡಿಯುತ್ತಿದ್ದುದು ವೈದ್ಯನಲ್ಲ, ಸಮುದ್ರ. ಮುಂಬಯಿಯಿಂದ ಯೂರೋಪು ಮುಟ್ಟಲು ಎರಡು ವಾರಗಳಷ್ಟು ಕಾಲ ಬೇಕಾಗುತ್ತಿದ್ದುದರಿಂದ ಹತ್ತು ದಿನಗಳ ಗುಪ್ತಕಾಲ ನೀರಿನ ಮೇಲೆಯೇ ಕಳೆದು, ರೋಗವಿದ್ದರೆ ದಾರಿಯಲ್ಲಿಯೇ ಬಯಲಾಗುತ್ತಿತ್ತು. ಕರಾವಳಿಯ ಪ್ರಯಾಣಕ್ಕೆ ಈ ಅನುಕೂಲವಿರಲಿಲ್ಲ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೆ ಮುಂಚೆ ಮುಂಬಯಿಯ ಖಾನಾವಳಿಗಳಲ್ಲಿಯೂ ಗೋದಿಗಳಲ್ಲಿಯೂ ದುಡಿಯುತ್ತಿದ್ದ ದಕ್ಷಿಣ ಕನ್ನಡಿಗನಿಗೆ ಊರಿನ ಹೆದ್ದಾರಿ ಎಂದರೆ ಸಮುದ್ರವೇ. ಹಡಗು ರತ್ನಾಗಿರಿ, ಗೋವೆ, ಕಾರವಾರಗಳನ್ನು ಮುಟ್ಟುತ್ತ ಗುಪ್ತಕಾಲ ಮುಗಿಯುವುದಕ್ಕೆ ಎಷ್ಟೋ ಮುಂಚೆ ಅವನನ್ನು ಮನೆಗೆ ಸೇರಿಸಿಬಿಡುತ್ತಿತ್ತು. ಹತ್ತುವಾಗ ನೋಡಿದರೂ ಇಳಿಯುವಾಗ ನೋಡಿದರೂ ಅವನು ಆರೋಗ್ಯವಂತನೇ.

ಆಗ ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ ಜಾರಿಗೆ ಬಂದ ಪ್ಲೇಗು ರಹದಾರಿ ಈ ಸಮಸ್ಯೆಗೆ ಕಂಡ ಉತ್ತರ. ರೋಗವಿರುವ ಸ್ಥಳದಿಂದ ಬಂದವನಿಗೆ ಒಂದು ಚೀಟಿ ಕೊಡುತ್ತಿದ್ದರು. ಅವನು ಊರಿಗೆ ಹೋಗಬಹುದು. ಆದರೆ ಹತ್ತು ದಿನಗಳ ಕಾಲ ಅಧಿಕಾರಿಯ ಮುಂದೆ ಹಾಜರಾಗಿ ಮೈ ತೋರಿಸುತ್ತಿರಬೇಕು. ಪ್ರಯಾಣಕ್ಕೆ ಮುಂಚೆ ಮುಗಿಸಲಾಗದ ಅಂತರವನ್ನು ಪ್ರಯಾಣದ ಅನಂತರಕ್ಕೆ ಮುಂದೂಡಿದ ಉಪಾಯವಿದು. ಉಪಾಯವಾಗಿ ಇದು ದಡ್ಡತನದ್ದಲ್ಲ; ನಲವತ್ತು ದಿನ ಕೂಡಿಹಾಕುವುದಕ್ಕಿಂತ ಎಷ್ಟೋ ಮೃದುವಾದುದು. ಆದರೆ ಕೂಲಿಯವನಿಗೆ ಹತ್ತು ಹಾಜರಿಯೆಂದರೆ ದಿನಗೂಲಿಗೆ ಬಿದ್ದ ಕತ್ತರಿ. ಅಷ್ಟೇ ಅಲ್ಲದೆ, ಯಾರನ್ನು ತಡೆದು ನಿಲ್ಲಿಸಬೇಕು, ಯಾರನ್ನು ಸಲಾಮು ಮಾಡಿ ಬಿಡಬೇಕು ಎಂಬುದು ಟಿಕೆಟಿನ ದರ್ಜೆಯನ್ನೂ ತೊಟ್ಟ ಉಡುಪನ್ನೂ ನೋಡಿ ನಿರ್ಧಾರವಾಗುತ್ತಿದ್ದುದುಂಟು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ 1882ರಿಂದ ನಡೆಯುತ್ತಿದ್ದ ಕ್ವಾರಂಟೀನು ಠಾಣೆಯಲ್ಲಿ ದಿನಗಟ್ಟಲೆ ಕಾದವರು ಡೆಕ್ಕಿನ ಯಾತ್ರಿಕರು. ಸಿಂಹಳದ ತೋಟಗಳಿಗೆ ಹೋಗುವಾಗ ಮಂಡಪಂ ಶಿಬಿರದಲ್ಲಿ ಕಾದವರು ಕೂಲಿಗಳು. ಅಂತರದ ಹೊರೆ ಇಳಿಜಾರಿನ ನೀರಿನಂತೆ ಕೆಳಗಿನವರ ಕಡೆಗೇ ಹರಿಯಿತು.

ಪ್ಲೇಗು 1898ರಲ್ಲಿ ಹುಬ್ಬಳ್ಳಿ ಧಾರವಾಡಗಳನ್ನು ಹಿಂಡುತ್ತಿದ್ದಾಗ ಮತ್ತೊಂದು ಬಗೆಯ ಕಾಗದ ಕನ್ನಡನಾಡಿಗೆ ಪರಿಚಯವಾಯಿತು. ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿ 10ರಂದು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ ಪ್ಲೇಗಿನ ಮದ್ದನ್ನು ಹುಬ್ಬಳ್ಳಿಯಲ್ಲಿ ಡಾ. ಲೂಮನ್ ಅವರು ಸಾವಿರಾರು ಜನರಿಗೆ ಹಾಕಿದರು. ಚುಚ್ಚುಮದ್ದಿನ ಪತ್ರವಿದ್ದವನಿಗೆ ತಡೆಗಳು ಸಡಿಲವಾದುವು. ಊರಿಗೆ ಕೊಡುತ್ತಿದ್ದ ಕಾಗದ ಈಗ ಮನುಷ್ಯನ ರಕ್ತಕ್ಕೆ ಕೊಡುವ ಕಾಗದವಾಯಿತು. ಅದರೊಂದಿಗೆ ಕಾಲದ ಲೆಕ್ಕವೂ ತಲೆಕೆಳಗಾಯಿತು. ಮೈ ನೋಡುವ ಪರೀಕ್ಷೆ ಪ್ರಯಾಣಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಬೆಲೆಯುಳ್ಳದ್ದು. ಚುಚ್ಚುಮದ್ದಾದರೋ ಮುಂಚಿತವಾಗಿಯೇ ಆಗಿರಬೇಕು, ಏಕೆಂದರೆ ಮೈಯಲ್ಲಿ ರಕ್ಷಣೆ ಬೆಳೆಯಲು ದಿನಗಳು ಬೇಕು. ಒಂದು ಕಾಗದ ಹಳೆಯದಾದರೆ ಕೆಡುತ್ತದೆ, ಇನ್ನೊಂದು ಹೊಸದಾಗಿದ್ದರೆ ನಡೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 1951ರ ನಿಯಮಾವಳಿಯ ಕಾಲದಿಂದ ಚಲಾವಣೆಯಲ್ಲಿದ್ದ ಅಂತರರಾಷ್ಟ್ರೀಯ ಪತ್ರಗಳಲ್ಲಿ ಈ ಲೆಕ್ಕವನ್ನು ನೋಡಬಹುದು. ಮೊದಲ ಸಲ ಸಿಡುಬಿನ ಚುಚ್ಚು ಹಾಕಿಸಿಕೊಂಡವನ ಪತ್ರಕ್ಕೆ ಎಂಟು ದಿನಗಳ ಮೇಲೆ ಜೀವ ಬರುತ್ತಿತ್ತು. ಎರಡನೆಯ ಸಲ ಹಾಕಿಸಿಕೊಂಡವನಿಗೆ ಅದೇ ದಿನ. ಅಲ್ಲಿಂದ ಮೂರು ವರ್ಷ ಅದರ ಆಯುಸ್ಸು. ಕಾಲರಾದ ಪತ್ರ ಆರು ದಿನಗಳಿಗೆ ಎದ್ದು ಆರು ತಿಂಗಳಿಗೆ ಸಾಯುತ್ತಿತ್ತು. ಕಾಲರಾದ ಚುಚ್ಚು ರೋಗ ದೇಶದಿಂದ ದೇಶಕ್ಕೆ ಹರಡುವುದನ್ನು ತಡೆಯುವುದಿಲ್ಲವೆಂದು ಮನಗಂಡು 1973ರಲ್ಲಿ ಅದನ್ನು ಕೈಬಿಟ್ಟರು. ಸಿಡುಬು ನಿರ್ಮೂಲವಾಯಿತೆಂದು 1980ರ ಮೇ 8ರಂದು ಘೋಷಣೆಯಾದ ಮೇಲೆ ಆ ಪತ್ರವೂ ಹೋಯಿತು. ಉಳಿದುದು ಹಳದಿ ಜ್ವರದ ಪತ್ರ.

2020ರ ಜನವರಿ 20ರಂದು ಯೊಕೊಹಾಮಾದಿಂದ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರ ನೌಕೆ ಹೊರಟಾಗ ಕೋವಿಡಿಗೆ ಚುಚ್ಚುಮದ್ದೂ ಇರಲಿಲ್ಲ, ಪ್ರಯಾಣಿಕರನ್ನು ಪರೀಕ್ಷಿಸುವ ಏರ್ಪಾಡೂ ಇರಲಿಲ್ಲ. ಜನವರಿ 25ರಂದು ಹಾಂಗ್‌ಕಾಂಗಿನಲ್ಲಿ ಇಳಿದ ಒಬ್ಬನಿಗೆ ರೋಗವಿದೆಯೆಂದು ತಿಳಿದುದು ಫೆಬ್ರವರಿ 1ರಂದು. ಹಡಗಿನಲ್ಲಿದ್ದ 3,711 ಮಂದಿಯಲ್ಲಿ 712 ಮಂದಿಗೆ ಸೋಂಕು ತಗುಲಿತು. ಅವರ ನಡುವೆ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ನೌಕೆಯ ಕೆಲಸಗಾರರು. ಪ್ರಯಾಣಿಕರನ್ನು ಕೋಣೆಗಳಲ್ಲಿ ಕೂಡಿದ್ದಾಗಲೂ ಕೆಲಸಗಾರರು ಅವರಿಗೆ ಊಟ ಹೊತ್ತು ಓಡಾಡುತ್ತಿದ್ದರೆಂಬುದನ್ನು ಮರೆಯಲಾಗದು.

ಪರೀಕ್ಷೆಯ ಸಾಧನ ಕೈಗೆ ಬಂದ ಮೇಲೆ ನೌಕೆಗಳು ಅದನ್ನು ನಂಬಿ ಹೊರಟುವು. ಬಾರ್ಬಡೋಸ್ ದ್ವೀಪದಿಂದ ಅದೇ ವರ್ಷದ ನವೆಂಬರ್ 7ರಂದು ಸೀಡ್ರೀಮ್ ಎಂಬ ಸಣ್ಣ ನೌಕೆ 53 ಪ್ರಯಾಣಿಕರೊಡನೆ ಹೊರಟಿತು. ಪ್ರಯಾಣಿಕರು ದ್ವೀಪಕ್ಕೆ ಬರುವ ಮುಂಚೆ ಒಮ್ಮೆ, ನೌಕೆ ಹತ್ತುವ ಮುಂಚೆ ಇನ್ನೊಮ್ಮೆ ಪರೀಕ್ಷೆಗೆ ಒಳಗಾಗಿದ್ದರು, ಎಲ್ಲರದೂ ಶುದ್ಧಪತ್ರವೇ. ಒಂದು ವಾರದೊಳಗೆ ಒಂಬತ್ತು ಮಂದಿಯಲ್ಲಿ ಸೋಂಕು ಕಂಡಿತು. ಪರೀಕ್ಷೆ ಮಾಡಿದವರು ತಪ್ಪಿದರೆಂದು ಹೇಳುವುದಕ್ಕೆ ಆಧಾರವಿಲ್ಲ. ಆ ವರ್ಷ ಪ್ರಕಟವಾದ ಒಂದು ವಿಶ್ಲೇಷಣೆಯಂತೆ, ಸೋಂಕು ತಗುಲಿದ ಮೊದಲ ದಿನ ಮಾಡಿದ ಪಿ.ಸಿ.ಆರ್. ಪರೀಕ್ಷೆಗೆ ಏನೂ ಕಾಣುವುದಿಲ್ಲ. ನಾಲ್ಕನೆಯ ದಿನದಲ್ಲಿಯೂ ನೂರಕ್ಕೆ 67 ಸೋಂಕುಗಳು ತಪ್ಪಿಹೋಗುತ್ತವೆ. ಐದನೆಯ ದಿನ 38. ಎಂಟನೆಯ ದಿನ 20. ಎಂದರೆ 1897ರ ವೈದ್ಯನ ಬೆರಳಿಗಿದ್ದ ಮಿತಿಯೇ ಇಂದಿನ ಯಂತ್ರಕ್ಕೂ ಇನ್ನೊಂದು ರೂಪದಲ್ಲಿ ಉಳಿದಿದೆ. ಕತ್ತಲೆಯ ದಿನಗಳು ಕಡಿಮೆಯಾದುವು, ಇಲ್ಲವಾಗಲಿಲ್ಲ. 2022ರ ಜನವರಿಯ ಮೊದಲಲ್ಲಿ ಮುಂಬಯಿಯಿಂದ ಗೋವೆಗೆ ಸುಮಾರು 2,000 ಜನರನ್ನು ಹೊತ್ತು ಹೋದ ನೌಕೆಯಲ್ಲಿ 66 ಮಂದಿಗೆ ಸೋಂಕು ಕಂಡು, ನೌಕೆ ಮತ್ತೆ ಮುಂಬಯಿಗೇ ಮರಳಿತು.

ಹಾಗಾದರೆ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು? ಹಿಂದೆ ಪ್ರಯಾಣಕ್ಕೆ ಪಂಚಾಂಗ ನೋಡುತ್ತಿದ್ದವರು ಈಗ ಪ್ರಯೋಗಾಲಯದ ಗಡಿಯಾರ ನೋಡಬೇಕಾಯಿತು. ಬೇಗ ಮಾಡಿಸಿದರೆ ಪತ್ರ ಹಳೆಯದು. ತಡವಾಗಿ ಮಾಡಿಸಿದರೆ ಫಲಿತಾಂಶ ಬರುವಷ್ಟರಲ್ಲಿ ಹಡಗು ಹೋಗಿರುತ್ತದೆ. ಅಮೆರಿಕದ ರೋಗನಿಯಂತ್ರಣ ಕೇಂದ್ರವು 2021ರ ಜನವರಿಯಲ್ಲಿ ವಿಮಾನ ಪ್ರಯಾಣಿಕರಿಗೆ ನಿಯಮ ಮಾಡುವಾಗ 72 ಗಂಟೆ ಎನ್ನದೆ ಮೂರು ದಿನ ಎಂದಿತು. ಗಂಟೆಗಳಲ್ಲಿ ಎಣಿಸಿದರೆ ವಿಮಾನ ತಡವಾದಾಗ ಪತ್ರ ಸಾಯುತ್ತದೆ. ದಿನಗಳಲ್ಲಿ ಎಣಿಸಿದರೆ ಬೆಳಿಗ್ಗೆ ಪರೀಕ್ಷೆ ಮಾಡಿಸಿದವನಿಗೂ ಸಂಜೆ ಮಾಡಿಸಿದವನಿಗೂ ಒಂದೇ ನ್ಯಾಯ. ವಿಹಾರ ನೌಕೆಗಳಲ್ಲಿ ಚುಚ್ಚುಮದ್ದು ಪಡೆದವರಿಗೆ ಆ ಸೆಪ್ಟೆಂಬರಿನಿಂದ ಈ ಅವಧಿ ಎರಡು ದಿನಗಳಿಗೆ ಇಳಿಯಿತು. ಶನಿವಾರ ಹೊರಡುವವನು ಗುರುವಾರವೋ ಶುಕ್ರವಾರವೋ ಪರೀಕ್ಷೆ ಮಾಡಿಸಬೇಕು. ಗುರುವಾರ ಮಾಡಿಸಿದವನಿಗೆ ಫಲಿತಾಂಶ ಕಾಯುವ ಬಿಡುವು ಹೆಚ್ಚು. ಶುಕ್ರವಾರ ಮಾಡಿಸಿದವನ ಪತ್ರಕ್ಕೆ ಸತ್ಯ ಹೆಚ್ಚು.

ದಿನವೋ ಗಂಟೆಯೋ ಎಂಬ ಈ ಭೇದದ ಬೆಲೆಯನ್ನು ಹಡಗು ಹತ್ತದವರೂ ತೆತ್ತರು. ಮಹಾರಾಷ್ಟ್ರದಿಂದ ಬರುವವರು 72 ಗಂಟೆಗಳಿಗಿಂತ ಹಳೆಯದಲ್ಲದ ಪರೀಕ್ಷಾಪತ್ರ ತರಬೇಕೆಂದು ಕರ್ನಾಟಕ ಸರ್ಕಾರ 2021ರ ಫೆಬ್ರವರಿಯಲ್ಲಿ ವಿಧಿಸಿತು. ಜುಲೈ ಕೊನೆಯ ಆದೇಶದಂತೆ ಚುಚ್ಚುಮದ್ದು ಹಾಕಿಸಿಕೊಂಡವರಿಗೂ ಅದರಿಂದ ವಿನಾಯಿತಿ ಇರಲಿಲ್ಲ. ಮುಂಬಯಿಯ ಕನ್ನಡಿಗನಿಗೆ ಫಲಿತಾಂಶಕ್ಕೆ ಒಂದು ದಿನ, ಕೆಲವೊಮ್ಮೆ ಎರಡು ದಿನ. ಉಡುಪಿಗೋ ಮಂಗಳೂರಿಗೋ ಬಸ್ಸಿನಲ್ಲಿ ಒಂದು ರಾತ್ರಿ, ಮೇಲೆ ಕೆಲವು ಗಂಟೆ. ಮದುವೆಗೆ ಹೋಗುವವನು ಇದನ್ನು ಹೊಂದಿಸಿಕೊಳ್ಳಬಲ್ಲ. ಮಧ್ಯರಾತ್ರಿಯಲ್ಲಿ ತಾಯಿಯ ಮರಣದ ಸುದ್ದಿ ಕೇಳಿದವನಿಗೆ 72 ಗಂಟೆಗಳ ಪತ್ರ ಎಲ್ಲಿಂದ ಬರಬೇಕು? ಅವನ ಅಜ್ಜನಿಗೆ ಪ್ಲೇಗಿನ ರಹದಾರಿ ಮೊದಲು ಮನೆಗೆ ಹೋಗಗೊಟ್ಟು ಆಮೇಲೆ ಹತ್ತು ದಿನ ಕಾಡಿತ್ತು. ಮೊಮ್ಮಗನನ್ನು ಕೊಗನೊಳ್ಳಿಯಲ್ಲಿಯೋ ಮಾಜಾಳಿಯಲ್ಲಿಯೋ ಗಡಿಯೇ ಕಾಗದ ಕೇಳಿ ನಿಲ್ಲಿಸಿತು. ರೋಗವನ್ನು ತಡೆಯುವ ದೃಷ್ಟಿಯಿಂದ ಎರಡನೆಯದು ಹೆಚ್ಚು ಫಲಕಾರಿಯೆಂದು ಹೇಳುವುದು ಕಷ್ಟ, ಏಕೆಂದರೆ ಪರೀಕ್ಷೆಯ ಮರುದಿನ ಸೋಂಕು ತಗುಲಿದವನನ್ನು ಆ ಪತ್ರ ಹಿಡಿಯದು, ಹಾಜರಿ ಹಿಡಿದೀತು. ಅಧಿಕಾರಿಗಳಿಗೆ ಸುಲಭವಾದುದು ಮಾತ್ರ ಎರಡನೆಯದೇ: ಹತ್ತು ದಿನ ಮನುಷ್ಯನನ್ನು ನೋಡಬೇಕಾಗಿಲ್ಲ, ಒಂದು ಸಲ ಕಾಗದವನ್ನು ನೋಡಿದರಾಯಿತು.

ಅಮೆರಿಕವು ವಿಮಾನ ಪ್ರಯಾಣಿಕರ ಪರೀಕ್ಷೆಯನ್ನು 2022ರ ಜೂನ್ 12ರಂದೂ ವಿಹಾರ ನೌಕೆಗಳ ಕಾರ್ಯಕ್ರಮವನ್ನು ಜುಲೈ 18ರಂದೂ ಮುಗಿಸಿತು. ಹಳದಿ ಜ್ವರದ ಪತ್ರ ಇಂದಿಗೂ ಇದೆ. ಆ ರೋಗವನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿದ್ದು ರೋಗ ಮಾತ್ರ ಇಲ್ಲದಿರುವುದರಿಂದ ನಮ್ಮ ಬಂದರುಗಳು ಈ ವಿಷಯದಲ್ಲಿ ಬಹಳ ಬಿಗಿ. ಹತ್ತು ವರ್ಷವಿದ್ದ ಅದರ ಆಯುಸ್ಸನ್ನು 2016ರ ಜುಲೈ 11ರಿಂದ ಪ್ರಯಾಣಿಕನ ಆಯುಸ್ಸಿನಷ್ಟಕ್ಕೇ ವಿಸ್ತರಿಸಲಾಗಿದೆ. ಆದರೆ ಅದು ಊರ್ಜಿತವಾಗುವುದು ಚುಚ್ಚು ಹಾಕಿಸಿಕೊಂಡ ಹತ್ತು ದಿನಗಳ ಮೇಲೆಯೇ. ಆಫ್ರಿಕದ ಬಂದರಿನಲ್ಲಿ ಚುಚ್ಚು ಹಾಕಿಸಿಕೊಂಡು ಐದನೆಯ ದಿನ ಮುಂಬಯಿಯಲ್ಲಿ ಇಳಿದವನನ್ನು ಪತ್ರವಿಲ್ಲದವನೆಂದೇ ಎಣಿಸಿ, ರೋಗದ ನೆಲ ಬಿಟ್ಟು ಆರು ದಿನಗಳಾಗುವವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.